ಹಾಲಿನ ತಪಾಸಣೆಗೆ ನಗರ ಕೇಳುವ ಹಣ: ಶುಲ್ಕವೋ, ತೆರಿಗೆಯೋ?

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿ. ಸ್ಥಳೀಯ ಆಡಳಿತದ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಅಮೆರಿಕದ ನಗರಗಳ ಹಳೆಯ ಬೈಲಾಗಳನ್ನು ಓದುವಾಗ ಒಂದು ವಿಷಯ ಪದೇ ಪದೇ ಕಣ್ಣಿಗೆ ಬಿತ್ತು. ಊರೊಳಗೆ ಹಾಲು ಮಾರುವ ಡೈರಿಗಳು ಮತ್ತು ವಿತರಕರು ನಗರದಿಂದ ಪರ್ಮಿಟ್ ಪಡೆಯಬೇಕು, ತಪಾಸಣೆಗೆ ಒಪ್ಪಬೇಕು, ತಪಾಸಣೆಯ ಖರ್ಚನ್ನೂ ತಾವೇ ಕೊಡಬೇಕು. ಇದು ಹಾಲಿನ ಮೇಲಿನ ತೆರಿಗೆಯೇ ಅಲ್ವಾ? ನಗರದ ಗಡಿಯಾಚೆ ಇರುವ ಫಾರಂಗೆ ಹೋಗಿ ಕೊಟ್ಟಿಗೆ ನೋಡುವ ಅಧಿಕಾರ ನಗರಕ್ಕೆ ಎಲ್ಲಿಂದ ಬಂತು? ಈಗಲೂ ಇದು ಹೀಗೇ ನಡೆಯುತ್ತದೆಯೇ?

ಉತ್ತರ: ನಿಮ್ಮ ಮೂರೂ ಪ್ರಶ್ನೆಗಳು ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತವೆ. ಇನ್ಸ್‌ಪೆಕ್ಟರ್ ಫಾರಂವರೆಗೆ ಹೋಗಿ ಬರುವ ಖರ್ಚನ್ನು ಯಾರು ಕೊಡಬೇಕು, ಅದರ ಲೆಕ್ಕ ಯಾರು ಕೇಳಬಹುದು? ಶುಲ್ಕ ಹಾಕಿದ್ದೇ ತಪ್ಪು ಎಂದು ಅಲ್ಲಿನ ನ್ಯಾಯಾಲಯಗಳು ಸಾಮಾನ್ಯವಾಗಿ ಹೇಳಲಿಲ್ಲ. ಖರ್ಚಿಗೂ ಶುಲ್ಕಕ್ಕೂ ಸಂಬಂಧ ತಪ್ಪಿದಾಗ, ಅಥವಾ ತಪಾಸಣೆಯ ಹೆಸರಲ್ಲಿ ಹೊರಗಿನವರಿಗೆ ಬಾಗಿಲು ಹಾಕಿದಾಗ ಮಾತ್ರ ಅವು ಕೈ ಹಾಕಿದವು.

ಮೊದಲು ನಗರಗಳು ಹಾಲಿನ ವಿಷಯಕ್ಕೆ ಯಾಕೆ ಇಳಿದವು ಎಂದು ನೋಡೋಣ. 19ನೇ ಶತಮಾನದ ನಡುವಿನ ನ್ಯೂಯಾರ್ಕ್‌ನಲ್ಲಿ ಹಸುಗಳು ಊರೊಳಗೇ ಇದ್ದವು. ಮದ್ಯದ ಭಟ್ಟಿಗಳ ಪಕ್ಕದಲ್ಲಿ ಇಕ್ಕಟ್ಟಾದ ಕೊಟ್ಟಿಗೆಗಳು. ಭಟ್ಟಿಯಿಂದ ಬಿಸಿಬಿಸಿಯಾಗಿ ಹೊರಬೀಳುವ ಗಸಿಯೇ ಹಸುಗಳಿಗೆ ಮೇವು. ಆ ಹಾಲು ನೀಲಿಬಣ್ಣಕ್ಕೆ ತಿರುಗುವಷ್ಟು ತೆಳು. ಅದಕ್ಕೆ ಸೀಮೆಸುಣ್ಣದಂಥದ್ದನ್ನು ಬೆರೆಸಿ ಗಟ್ಟಿ ಹಾಲಿನಂತೆ ತೋರಿಸಿ ಮಾರುತ್ತಿದ್ದರು. 1858ರಲ್ಲಿ ಫ್ರಾಂಕ್ ಲೆಸ್ಲಿಯ ಸಚಿತ್ರ ಪತ್ರಿಕೆ ಇದನ್ನು ಚಿತ್ರಗಳ ಸಮೇತ ಬಯಲಿಗೆ ತಂದಿತು. ದೊಡ್ಡ ಗಲಾಟೆಯಾಯಿತು. ಆದರೆ ಹಾಲಿನ ನಿಜವಾದ ಅಪಾಯ ಕಣ್ಣಿಗೆ ಕಾಣುವಂಥದ್ದಲ್ಲ ಎಂದು ಗೊತ್ತಾಗಲು ಇನ್ನೂ ಕೆಲವು ದಶಕ ಬೇಕಾಯಿತು. ಕ್ಷಯ, ಟೈಫಾಯ್ಡ್, ಡಿಫ್ತೀರಿಯಾ, ಸ್ಕಾರ್ಲೆಟ್ ಜ್ವರ, ಬ್ರುಸೆಲ್ಲೋಸಿಸ್ ಎಲ್ಲವೂ ಹಾಲಿನ ಮೂಲಕ ಹರಡಬಲ್ಲವು. ಅದರಲ್ಲೂ ಹೆಚ್ಚು ಹಾಲು ಕುಡಿಯುವವರು ಮಕ್ಕಳು.

ಹಾಗಾಗಿ 1890ರ ದಶಕದಿಂದ ಹಲವು ದಾರಿಗಳಲ್ಲಿ ಪ್ರಯತ್ನ ಶುರುವಾಯಿತು. 1893ರಲ್ಲಿ ನ್ಯೂವಾರ್ಕ್‌ನ ವೈದ್ಯ ಹೆನ್ರಿ ಕಾಯ್ಟ್, ವೈದ್ಯರ ಸಮಿತಿ ತಪಾಸಣೆ ಮಾಡಿ ಮುದ್ರೆ ಒತ್ತುವ 'ಸರ್ಟಿಫೈಡ್ ಹಾಲಿ'ನ ವ್ಯವಸ್ಥೆ ಮಾಡಿದರು. ಅದೇ ವರ್ಷ ನೇಥನ್ ಸ್ಟ್ರಾಸ್ ಎಂಬ ವ್ಯಾಪಾರಿ ನ್ಯೂಯಾರ್ಕ್‌ನ ಬಡವರಿಗಾಗಿ ಪಾಶ್ಚರೀಕರಿಸಿದ, ಅಂದರೆ ರೋಗಾಣು ಸಾಯುವಷ್ಟು ಹದವಾಗಿ ಕಾಯಿಸಿದ, ಹಾಲಿನ ಕೇಂದ್ರ ತೆರೆದರು. 1908ರಲ್ಲಿ ಷಿಕಾಗೋ ಪಾಶ್ಚರೀಕರಣವನ್ನು ಕಡ್ಡಾಯ ಮಾಡಿತು. ಕ್ಷಯ ಪರೀಕ್ಷೆಯಲ್ಲಿ ಪಾಸಾದ ಹಸುಗಳ ಹಾಲಿಗೆ ಮಾತ್ರ ವಿನಾಯಿತಿ ಇತ್ತು. ಗಮನಿಸಿ, ಇದೆಲ್ಲ ನಡೆದದ್ದು ನಗರಗಳ ಮಟ್ಟದಲ್ಲಿ. ರಾಜ್ಯ ಮತ್ತು ಕೇಂದ್ರ ಸರ್ಕಾರಗಳು ಪೂರ್ತಿ ಕೈ ಹಾಕಿದ್ದು ಆಮೇಲೆ.

ಇಲ್ಲಿಗೆ ಬರುತ್ತದೆ ನಿಮ್ಮ ಎರಡನೇ ಪ್ರಶ್ನೆ. ಅಮೆರಿಕದಲ್ಲಿ ನಗರ ಎಂದರೆ ರಾಜ್ಯದ ಕೂಸು. ರಾಜ್ಯ ಎಷ್ಟು ಅಧಿಕಾರ ಕೊಟ್ಟಿದೆಯೋ ಅಷ್ಟೇ ಅದಕ್ಕೆ. ಅಯೋವಾದ ನ್ಯಾಯಾಧೀಶ ಜಾನ್ ಡಿಲ್ಲನ್ 1868ರಲ್ಲಿ ಇದನ್ನು ಬಹಳ ಕಟ್ಟುನಿಟ್ಟಾಗಿ ಹೇಳಿದರು. ಅದಕ್ಕೆ ಡಿಲ್ಲನ್ ನಿಯಮ ಎಂದೇ ಹೆಸರು ಬಿತ್ತು. ಸ್ಪಷ್ಟವಾಗಿ ಕೊಟ್ಟದ್ದು, ಕೊಟ್ಟದ್ದರಿಂದ ಸಹಜವಾಗಿ ಹುಟ್ಟುವುದು, ನಗರ ಇರಲು ಬೇಕೇ ಬೇಕಾದದ್ದು, ಇಷ್ಟೇ ನಗರದ ಅಧಿಕಾರ. ಅನುಮಾನ ಬಂದರೆ ಅಧಿಕಾರ ಇಲ್ಲ ಎಂದೇ ಅರ್ಥ. ಜನರ ಆರೋಗ್ಯ ಕಾಯುವ ಅಧಿಕಾರವನ್ನು ರಾಜ್ಯಗಳು ನಗರಗಳಿಗೆ ಧಾರಾಳವಾಗಿಯೇ ಕೊಟ್ಟಿದ್ದವು. ತೆರಿಗೆ ಹಾಕುವ ಅಧಿಕಾರವನ್ನು ಮಾತ್ರ ಅಳೆದು ತೂಗಿ ಕೊಟ್ಟಿದ್ದವು. ಶುಲ್ಕವೋ ತೆರಿಗೆಯೋ ಎಂಬ ಜಗಳದ ಬೇರು ಇರುವುದು ಇಲ್ಲೇ.

ಆರೋಗ್ಯದ ಅಧಿಕಾರ ಎಷ್ಟು ದೂರ ಹೋಗುತ್ತದೆ ಎಂಬುದನ್ನು ನ್ಯಾಯಾಲಯಗಳು ಒಂದೊಂದೇ ಹೆಜ್ಜೆಯಲ್ಲಿ ಹೇಳುತ್ತಾ ಬಂದವು. ಸೇಂಟ್ ಲೂಯಿಸ್ ನಗರದಲ್ಲಿ ಅನುಮತಿ ಇಲ್ಲದೆ ಡೈರಿಯಾಗಲಿ ಕೊಟ್ಟಿಗೆಯಾಗಲಿ ಇಡುವಂತಿರಲಿಲ್ಲ. 1904ರಲ್ಲಿ ಸುಪ್ರೀಂ ಕೋರ್ಟ್ ಅದು ಸರಿ ಎಂದಿತು. ನ್ಯೂಯಾರ್ಕ್‌ನಲ್ಲಿ ಪರ್ಮಿಟ್ ಇಲ್ಲದೆ ಹಾಲು ಮಾರುವಂತಿರಲಿಲ್ಲ. 1905ರಲ್ಲಿ ಅದೂ ಸರಿ ಎಂದಾಯಿತು. ಮಿಲ್ವಾಕಿಯ ನಿಯಮ ಇನ್ನೂ ಗಟ್ಟಿ. ಹೊರಗಿನಿಂದ ಬರುವ ಹಾಲಿಗೆ, ಅದನ್ನು ಕೊಟ್ಟ ಹಸುಗಳಿಗೆ ಕ್ಷಯ ಇಲ್ಲ ಎಂಬ ಪರೀಕ್ಷೆಯ ಪತ್ರ ಬೇಕು. ಇಲ್ಲದಿದ್ದರೆ ಹಾಲನ್ನೇ ಮುಟ್ಟುಗೋಲು ಹಾಕಿ ನಾಶ ಮಾಡಬಹುದು. 1913ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಒಪ್ಪಿತು. ಊರೊಳಗಿನ ಹಸುಗಳ ಮೇಲೆ ನಗರ ನೇರವಾಗಿ ಕಣ್ಣಿಡಬಹುದು. ಹೊರಗಿನ ಹಸುಗಳ ಮೇಲೆ ಆ ಹಿಡಿತ ಇಲ್ಲ. ಹಾಗಾಗಿ ಎರಡಕ್ಕೂ ಬೇರೆ ಬೇರೆ ನಿಯಮ ಇದ್ದರೆ ತಪ್ಪಲ್ಲ ಎಂಬುದು ಅದರ ತರ್ಕ.

ಗಡಿಯಾಚೆಯ ತಪಾಸಣೆಗೆ ನೇರ ಉತ್ತರ ಬಂದದ್ದು ಅದಕ್ಕೂ ಮೊದಲು, 1896ರಲ್ಲಿ, ಮಿನ್ನೆಸೋಟಾ ರಾಜ್ಯದ ಸುಪ್ರೀಂ ಕೋರ್ಟಿನಿಂದ. ವಿಷಯ ಮಿನ್ನಿಯಾಪೊಲಿಸ್ ನಗರದ ಹಾಲಿನ ಲೈಸೆನ್ಸು. ಊರೊಳಗೆ ಹಾಲು ಮಾರುವ ಲೈಸೆನ್ಸ್ ಬೇಕಾದರೆ ಹೊರಗಿನ ಹಸುಗಳ ತಪಾಸಣೆಗೂ ಒಪ್ಪಬೇಕಿತ್ತು. ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇಂಥ ತೀರ್ಪುಗಳ ಹಿಂದಿನ ತರ್ಕ ಸರಳ. ನಗರ ಆ ಫಾರಂ ಮೇಲೆ ಆಳ್ವಿಕೆ ನಡೆಸುತ್ತಿಲ್ಲ. ಫಾರಂನವರು ಇನ್ಸ್‌ಪೆಕ್ಟರನ್ನು ಗೇಟಿನಲ್ಲೇ ತಡೆದು ವಾಪಸ್ ಕಳಿಸಬಹುದು. ಆದರೆ ಆಮೇಲೆ ಆ ಹಾಲು ನಗರದೊಳಗೆ ಬರುವಂತಿಲ್ಲ. ತಪಾಸಣೆ ನಡೆಯುವುದು ಹೊರಗೆ, ಕಾನೂನು ಹಿಡಿಯುವುದು ಒಳಗಿನ ಮಾರಾಟವನ್ನು. ನಿಮ್ಮ ಪ್ರಬಂಧದಲ್ಲಿ ಈ ಎರಡನ್ನು ಬೇರೆ ಬೇರೆ ಮಾಡಿ ಬರೆಯಿರಿ. ಎಷ್ಟೋ ಜನ ಇವನ್ನು ಕಲಸಿಬಿಡುತ್ತಾರೆ.

ಈಗ ದುಡ್ಡಿನ ಮಾತು.

ಆರೋಗ್ಯದ ಅಧಿಕಾರದಡಿ ಹಾಕಿದ ಶುಲ್ಕ ಆ ಕೆಲಸದ ಖರ್ಚಿಗೆ ಹೊಂದಬೇಕು ಎಂಬುದು ಅಲ್ಲಿನ ಹಳೆಯ ನಿಯಮ. ಖರ್ಚು ಎಂದರೆ ಬರೀ ಪರ್ಮಿಟ್ ಬರೆದುಕೊಡುವ ಕಾಗದದ ಖರ್ಚಲ್ಲ. ಇನ್ಸ್‌ಪೆಕ್ಟರ್ ಸಂಬಳ, ಓಡಾಟ, ಮಾದರಿ ಬಾಟಲಿ, ಲ್ಯಾಬು, ಕಚೇರಿಯ ದಾಖಲೆ ಎಲ್ಲ ಸೇರುತ್ತದೆ. ಸೆಂಟಿಗೆ ಸೆಂಟು ತಾಳೆಯಾಗಬೇಕು ಎಂದೂ ಯಾರೂ ಕೇಳಲಿಲ್ಲ. ಒಂದು ವರ್ಷ ಸ್ವಲ್ಪ ಉಳಿಯುತ್ತದೆ, ಇನ್ನೊಂದು ವರ್ಷ ಕಡಿಮೆ ಬೀಳುತ್ತದೆ. ಶುಲ್ಕ ನ್ಯಾಯವಾದದ್ದೇ ಎಂದು ಮೊದಲಿಗೆ ಊಹಿಸಿಕೊಂಡು, ಅಲ್ಲ ಎಂದು ತೋರಿಸುವ ಹೊಣೆಯನ್ನು ಸಾಮಾನ್ಯವಾಗಿ ದೂರು ಕೊಟ್ಟವರ ಮೇಲೇ ಹಾಕುತ್ತಿದ್ದರು. ಆದರೆ ವರ್ಷ ವರ್ಷವೂ ಖರ್ಚಿಗಿಂತ ತುಂಬಾ ಜಾಸ್ತಿ ವಸೂಲಾಗಿ, ಉಳಿದ ಹಣ ಬೇರೆ ಕೆಲಸಕ್ಕೆ ಹೋದರೆ ಅದು ಶುಲ್ಕದ ವೇಷ ಹಾಕಿದ ತೆರಿಗೆ. ನಗರಕ್ಕೆ ಆ ತೆರಿಗೆ ಹಾಕುವ ಅಧಿಕಾರ ಬೇರೆಯಾಗಿ ಇಲ್ಲದಿದ್ದರೆ ಅದು ಬಿದ್ದುಹೋಗುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಹಾಲಿನದಲ್ಲ, ಸಿಂಪಿಯದು. ಮೇರಿಲ್ಯಾಂಡ್ ರಾಜ್ಯ ಸಿಂಪಿಯ ತಪಾಸಣೆಗೆ ಬುಷೆಲ್ (ಅಲ್ಲಿನ ಒಂದು ಅಳತೆ) ಒಂದಕ್ಕೆ 1 ಸೆಂಟ್ ಹಾಕಿತ್ತು. ಕೇಳಲು ಏನೂ ಅಲ್ಲ. ಆದರೆ ಒಟ್ಟು ವಸೂಲಿ ತಪಾಸಣೆಯ ಖರ್ಚನ್ನು ಎಷ್ಟೋ ಮೀರಿತ್ತು. 1914ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅಮೆರಿಕದ ಸಂವಿಧಾನದಲ್ಲೇ ಇದರ ಎಳೆ ಇದೆ. ಮೊದಲ ವಿಧಿಯ 10ನೇ ಸೆಕ್ಷನ್ ಪ್ರಕಾರ ಆಮದು, ರಫ್ತಿನ ಮೇಲೆ ರಾಜ್ಯಗಳು ತಾವಾಗಿ ಸುಂಕ ಹಾಕುವಂತಿಲ್ಲ. ತಪಾಸಣೆಯ ಕಾನೂನು ಜಾರಿ ಮಾಡಲು ತೀರಾ ಅಗತ್ಯವಾದಷ್ಟು ಮಾತ್ರ ಹಾಕಬಹುದು. ಉಳಿದ ಹಣ ಕೇಂದ್ರದ ಖಜಾನೆಗೆ ಸೇರಬೇಕು. ತಪಾಸಣೆ ಎಂಬ ನೆಪದಲ್ಲಿ ಬೊಕ್ಕಸ ತುಂಬುವ ಚಾಳಿ 18ನೇ ಶತಮಾನದಲ್ಲೇ ಸಂವಿಧಾನ ಬರೆದವರಿಗೆ ಗೊತ್ತಿತ್ತು ಅಂತಾಯಿತು.

ಹಾಲಿಗೆ ಶುಲ್ಕ ಹಾಕಲು ಮೂರು ನಾಲ್ಕು ದಾರಿಗಳಿವೆ. ವರ್ಷಕ್ಕೆ ಒಂದೇ ಮೊತ್ತ, ಹಾಲಿನ ಗಾಡಿಗೆ ಇಷ್ಟು, ಹಸುವಿಗೆ ಇಷ್ಟು, ಇಲ್ಲವೇ ನೂರು ಪೌಂಡ್ ಹಾಲಿಗೆ ಇಷ್ಟು ಸೆಂಟ್. ನೂರು ಪೌಂಡ್ ಎಂದರೆ ಸುಮಾರು 45 ಕೆಜಿ. ಅಮೆರಿಕದಲ್ಲಿ ರೈತರಿಗೆ ಹಾಲಿನ ದರ ಕಟ್ಟುವುದೂ ಇದೇ ಅಳತೆಯಲ್ಲಿ. ಒಂದೇ ಮೊತ್ತ ಹಾಕಿದರೆ ನಾಲ್ಕು ಕ್ಯಾನ್ ಮಾರುವವನಿಗೂ ನಾನೂರು ಕ್ಯಾನ್ ಮಾರುವವನಿಗೂ ಒಂದೇ ಹೊರೆ. ಇದು ಚಿಕ್ಕವರಿಗೆ ಪೆಟ್ಟು ಎಂದು ಯಾರಿಗಾದರೂ ಗೊತ್ತಾಗುತ್ತದೆ. ಹಾಗಾಗಿ ತೂಕದ ಲೆಕ್ಕವೇ ನ್ಯಾಯ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ.

ನನಗೆ ಹಾಗೆ ಅನ್ನಿಸುವುದಿಲ್ಲ. ತಪಾಸಣೆಯ ಖರ್ಚು ಹಾಲಿನ ತೂಕವನ್ನು ನೋಡಿ ಏರುವುದಿಲ್ಲ. ಫಾರಂಗಳ ಸಂಖ್ಯೆ ಮತ್ತು ದೂರ ನೋಡಿ ಏರುತ್ತದೆ. ಸುಮ್ನೆ ಒಂದು ಲೆಕ್ಕ ಇಟ್ಟುಕೊಳ್ಳಿ. ಇಬ್ಬರು ವಿತರಕರು, ಇಬ್ಬರೂ ದಿನಕ್ಕೆ 10,000 ಪೌಂಡ್ ಹಾಲು ತರುತ್ತಾರೆ. ಮೊದಲನೆಯವನಿಗೆ 10 ದೊಡ್ಡ ಫಾರಂಗಳಿಂದ ಹಾಲು. ಎರಡನೆಯವನಿಗೆ 50 ಸಣ್ಣ ಫಾರಂಗಳಿಂದ. ನೂರು ಪೌಂಡಿಗೆ 2 ಸೆಂಟ್ ಎಂದರೆ ಇಬ್ಬರೂ ವರ್ಷಕ್ಕೆ 730 ಡಾಲರ್ ಕೊಡುತ್ತಾರೆ. ವರ್ಷಕ್ಕೆ ಎರಡು ಸಲ ಪ್ರತಿ ಫಾರಂ ನೋಡಬೇಕಾದರೆ ಇನ್ಸ್‌ಪೆಕ್ಟರ್ ಮೊದಲನೆಯವನಿಗಾಗಿ 20 ಸಲ ಹೊರಡಬೇಕು, ಎರಡನೆಯವನಿಗಾಗಿ 100 ಸಲ. ಅಂದರೆ ಎರಡನೆಯವನ ತಪಾಸಣೆಯ ಖರ್ಚಿನಲ್ಲಿ ಒಂದು ಪಾಲನ್ನು ಮೊದಲನೆಯವನು ಹೊರುತ್ತಿದ್ದಾನೆ.

ಇದು ಅನ್ಯಾಯವೇ? ಅಲ್ಲಿ ಎರಡು ಮಾತು ಇವೆ. ಸಣ್ಣ ರೈತರ ಹಾಲು ಮಾರುಕಟ್ಟೆಯಲ್ಲಿ ಉಳಿಯಲಿ ಎಂಬ ಉದ್ದೇಶ ಇದ್ದರೆ ತೂಕದ ಲೆಕ್ಕ ಒಳ್ಳೆಯದು. ಪ್ರತಿ ಭೇಟಿಗೆ ಶುಲ್ಕ ಹಾಕಿದರೆ ವಿತರಕ ಮೊದಲು ಮಾಡುವ ಕೆಲಸ ಸಣ್ಣ ಫಾರಂಗಳನ್ನು ಕೈಬಿಡುವುದು. ಆದರೆ ಕೋರ್ಟಿನ ಮುಂದೆ ನಗರ ಹೇಳಬೇಕಾದದ್ದು ಉದ್ದೇಶವನ್ನಲ್ಲ, ಖರ್ಚಿನ ಲೆಕ್ಕವನ್ನು. ನಾನಾದರೆ ಎರಡನ್ನೂ ಸೇರಿಸುತ್ತೇನೆ: ಪರ್ಮಿಟ್‌ಗೆ ಚಿಕ್ಕ ಮೊತ್ತ, ಲ್ಯಾಬಿನ ಖರ್ಚಿಗೆ ತೂಕದ ಲೆಕ್ಕ, ದೂರದ ಫಾರಂಗಳಿಗೆ ಓಡಾಟದ ನಿಜವಾದ ಖರ್ಚು.

ಇನ್ನೊಂದು ವಿಷಯ ಬೈಲಾ ಓದಿದರೆ ಗೊತ್ತಾಗುವುದಿಲ್ಲ. ಶುಲ್ಕ ಕಟ್ಟುವವನು ವಿತರಕ, ಆದರೆ ಹೊರುವವನು ಅವನೇ ಆಗಬೇಕಿಲ್ಲ. ಅವನು ಅದನ್ನು ಬಾಟಲಿಯ ಬೆಲೆಗೆ ಸೇರಿಸಬಹುದು ಅಥವಾ ರೈತನಿಗೆ ಕೊಡುವ ಹಣದಲ್ಲಿ ಮುರಿದುಕೊಳ್ಳಬಹುದು. ಊರಲ್ಲಿ ಪೈಪೋಟಿ ಜಾಸ್ತಿ ಇದ್ದರೆ ಬೆಲೆ ಏರಿಸುವುದು ಕಷ್ಟ, ರೈತನ ಹಣವೇ ಕಡಿಮೆಯಾಗುತ್ತದೆ. ಹಾಲು ದಿನವೂ ಕರೆಯಲೇಬೇಕು, ಕರೆದದ್ದನ್ನು ಇಟ್ಟುಕೊಳ್ಳಲು ಆಗುವುದಿಲ್ಲ. ಹಾಗಾಗಿ ಈ ಚೌಕಾಸಿಯಲ್ಲಿ ರೈತನ ಕೈ ಯಾವಾಗಲೂ ಕೆಳಗೆ. ಶುಲ್ಕವನ್ನು ರೈತನ ಮೇಲೆ ಹೊರಿಸಬಾರದು ಎಂದು ಬರೆದುಬಿಟ್ಟರೂ ಅದನ್ನು ಜಾರಿ ಮಾಡುವುದು ಸುಲಭವಲ್ಲ. ದರವನ್ನೇ ಸ್ವಲ್ಪ ಇಳಿಸಿದರೆ ಮುಗಿಯಿತು.

ಈ ಶುಲ್ಕದ ಕಥೆಯಲ್ಲಿ ದೊಡ್ಡ ತಿರುವು 1951ರ ಡೀನ್ ಮಿಲ್ಕ್ ಕಂಪನಿ ಮತ್ತು ಮ್ಯಾಡಿಸನ್ ನಗರದ ಮೊಕದ್ದಮೆ. ನೀವು ಒಂದೇ ತೀರ್ಪು ಓದುವುದಾದರೆ ಇದನ್ನು ಓದಿ.

ಮ್ಯಾಡಿಸನ್ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ. ಊರಿನ ನಡುವಿನ ಚೌಕದಿಂದ 5 ಮೈಲಿ ಒಳಗಿನ ಘಟಕದಲ್ಲಿ ಪಾಶ್ಚರೀಕರಿಸಿದ ಹಾಲನ್ನು ಮಾತ್ರ ಪಾಶ್ಚರೀಕೃತ ಹಾಲು ಎಂದು ಮಾರಬೇಕು ಎಂಬುದು ಅಲ್ಲಿನ ಬೈಲಾ. 25 ಮೈಲಿಗಿಂತ ದೂರದ ಫಾರಂಗಳನ್ನು ತಪಾಸಣೆ ಮಾಡುವ ಹೊಣೆ ನಗರಕ್ಕೆ ಇರಲಿಲ್ಲ. ತಪಾಸಣೆ ಇಲ್ಲದಿದ್ದರೆ ಪರ್ಮಿಟ್ ಇಲ್ಲ. ಡೀನ್ ಕಂಪನಿ ಉತ್ತರ ಇಲಿನಾಯ್ ಮತ್ತು ದಕ್ಷಿಣ ವಿಸ್ಕಾನ್ಸಿನ್‌ನ ಸುಮಾರು 950 ಫಾರಂಗಳಿಂದ ಹಾಲು ಕೊಳ್ಳುತ್ತಿತ್ತು. ಅದರ ಎರಡು ಘಟಕಗಳು ಇಲಿನಾಯ್‌ನಲ್ಲಿ, ಮ್ಯಾಡಿಸನ್‌ನಿಂದ 65 ಮತ್ತು 85 ಮೈಲಿ ದೂರ. ಷಿಕಾಗೋದ ಆರೋಗ್ಯ ಅಧಿಕಾರಿಗಳು ಅವನ್ನು ತಪಾಸಣೆ ಮಾಡಿ ಲೈಸೆನ್ಸ್ ಕೊಟ್ಟಿದ್ದರು. ಆದರೂ ಮ್ಯಾಡಿಸನ್‌ನಲ್ಲಿ ಮಾರುವಂತಿರಲಿಲ್ಲ.

ನಗರದ ವಾದ: ದೂರದ ಘಟಕಗಳನ್ನು ನಾವು ಹೋಗಿ ನೋಡಲು ಆಗುವುದಿಲ್ಲ, ಇದು ಆರೋಗ್ಯದ ವಿಷಯ. ನ್ಯಾಯಮೂರ್ತಿ ಟಾಮ್ ಕ್ಲಾರ್ಕ್ ಬರೆದ ಬಹುಮತದ ತೀರ್ಪು ಇದನ್ನು ಒಪ್ಪಲಿಲ್ಲ. ಆರೋಗ್ಯವನ್ನು ಕಾಯಲು ಬೇರೆ ದಾರಿಗಳಿವೆ ಎಂದು ಎರಡನ್ನು ತೋರಿಸಿತು. ಮೊದಲನೆಯದು, ನಗರ ತನ್ನ ಇನ್ಸ್‌ಪೆಕ್ಟರುಗಳನ್ನೇ ದೂರದ ಘಟಕಕ್ಕೆ ಕಳಿಸಬಹುದು, ಅದರ ನಿಜವಾದ ಮತ್ತು ನ್ಯಾಯವಾದ ಖರ್ಚನ್ನು ಹಾಲು ತರುವವರಿಂದ ಪಡೆಯಬಹುದು. ಎರಡನೆಯದು, ಕೇಂದ್ರದ ಸಾರ್ವಜನಿಕ ಆರೋಗ್ಯ ಸೇವೆಯ ಮಾದರಿ ಬೈಲಾದಂತೆ, ಅಷ್ಟೇ ಕಟ್ಟುನಿಟ್ಟಾದ ಬೇರೆ ಕಡೆಯ ತಪಾಸಣೆಯನ್ನು ನಂಬಬಹುದು. ಮ್ಯಾಡಿಸನ್‌ನ ಆರೋಗ್ಯಾಧಿಕಾರಿಯೇ ಎರಡನೇ ದಾರಿ ಒಳ್ಳೆಯದು ಎಂದು ಸಾಕ್ಷಿ ಹೇಳಿದ್ದರು. ನಗರದ ವಾದಕ್ಕೆ ನಗರದ ಸಾಕ್ಷಿಯೇ ತಣ್ಣೀರು ಎರಚಿದಂತಾಯಿತು.

ಇದರಲ್ಲಿ ನಿಮಗೆ ಬೇಕಾದದ್ದು ಮೊದಲ ದಾರಿ. ಹಿಂದೆ ತಪಾಸಣಾ ಶುಲ್ಕ ಎಂದರೆ ವ್ಯಾಪಾರಕ್ಕೆ ಅಡ್ಡಿ ಎಂಬ ದೂರು ಇತ್ತು. ಇಲ್ಲಿ ಕೋರ್ಟ್ ಅದನ್ನೇ ತಿರುಗಿಸಿ ಹಿಡಿಯಿತು. ಬಾಗಿಲು ಹಾಕುವುದಕ್ಕಿಂತ ಖರ್ಚು ಕೇಳುವುದು ಮೇಲು. ಅಂದರೆ ಶುಲ್ಕವೇ ಇಲ್ಲಿ ವ್ಯಾಪಾರಕ್ಕೆ ದಾರಿ ಮಾಡಿಕೊಡುತ್ತದೆ. ಷರತ್ತು ಮಾತ್ರ ಗಟ್ಟಿಯಾಗಿದೆ: ಖರ್ಚು ನಿಜವಾದದ್ದಾಗಿರಬೇಕು ಮತ್ತು ನ್ಯಾಯವಾದದ್ದಾಗಿರಬೇಕು. ಮ್ಯಾಡಿಸನ್ ನಿಯಮ ಇಲಿನಾಯ್‌ನವರನ್ನಷ್ಟೇ ಅಲ್ಲ, ವಿಸ್ಕಾನ್ಸಿನ್‌ನ ಬೇರೆ ಊರುಗಳವರನ್ನೂ ಹೊರಗಿಡುತ್ತದಲ್ಲ, ಇದು ಭೇದಭಾವ ಹೇಗೆ ಎಂಬ ಪ್ರಶ್ನೆಗೂ ತೀರ್ಪು ಒಂದು ಅಡಿಟಿಪ್ಪಣಿಯಲ್ಲಿ ಉತ್ತರ ಕೊಟ್ಟಿತು. ತನ್ನ ರಾಜ್ಯದ ಬೇರೆಯವರಿಗೂ ತೊಂದರೆ ಕೊಟ್ಟ ಮಾತ್ರಕ್ಕೆ ಹೊರರಾಜ್ಯದವರಿಗೆ ಮಾಡಿದ ಭೇದ ಸರಿಯಾಗುವುದಿಲ್ಲ ಎಂದಿತು.

ನ್ಯಾಯಮೂರ್ತಿಗಳಾದ ಬ್ಲ್ಯಾಕ್, ಡಗ್ಲಸ್, ಮಿಂಟನ್ ಇದನ್ನು ಒಪ್ಪಲಿಲ್ಲ. ಬ್ಲ್ಯಾಕ್ ಬರೆದ ಭಿನ್ನಮತ ಓದಲೇಬೇಕಾದದ್ದು. ಡೀನ್ ಕಂಪನಿ ಬೇಕಿದ್ದರೆ 5 ಮೈಲಿಯೊಳಗಿನ ಘಟಕದಲ್ಲೇ ಹಾಲನ್ನು ಪಾಶ್ಚರೀಕರಿಸಿಕೊಳ್ಳಬಹುದಿತ್ತು, ಅದಕ್ಕೆ ಇಷ್ಟ ಇರಲಿಲ್ಲ ಅಷ್ಟೇ ಎಂದರು. ಬೇರೆ ದಾರಿಗಳಲ್ಲಿ ಬರುವ ಹಾಲು ಅಷ್ಟೇ ಸುರಕ್ಷಿತ ಎಂದು ಯಾವ ಕೋರ್ಟೂ ಪರೀಕ್ಷಿಸಿ ಹೇಳಿಲ್ಲ ಎಂದೂ ಬೊಟ್ಟು ಮಾಡಿದರು. ಈ ಎರಡನೇ ಮಾತಿಗೆ ಬಹುಮತದ ತೀರ್ಪಿನಲ್ಲಿ ಗಟ್ಟಿ ಉತ್ತರ ಇದೆ ಎಂದು ನನಗೆ ಅನ್ನಿಸುವುದಿಲ್ಲ.

ಇನ್ನು ಮೂರನೇ ಪ್ರಶ್ನೆ. ಈಗ ನಗರ ನಗರವೂ ತನ್ನದೇ ನಿಯಮ ಹಿಡಿದು ಓಡಾಡುವ ಕಾಲ ಬಹುಮಟ್ಟಿಗೆ ಮುಗಿದಿದೆ. ಅದಕ್ಕೆ ಕೋರ್ಟಿಗಿಂತ ದೊಡ್ಡ ಕಾರಣ ರೋಸಿಹೋದ ರೈತರು ಮತ್ತು ಅಧಿಕಾರಿಗಳು. ಒಂದೇ ಫಾರಂನ ಹಾಲು ಎರಡು ಮೂರು ನಗರಗಳಿಗೆ ಹೋದರೆ ಎರಡು ಮೂರು ಇನ್ಸ್‌ಪೆಕ್ಟರುಗಳು ಬರುತ್ತಿದ್ದರು. ಒಬ್ಬರು ಸರಿ ಎಂದದ್ದು ಇನ್ನೊಬ್ಬರಿಗೆ ತಪ್ಪು. ಖರ್ಚು ಮಾತ್ರ ಎರಡೂ ಕಡೆ.

ಕೇಂದ್ರದ ಸಾರ್ವಜನಿಕ ಆರೋಗ್ಯ ಸೇವೆ 1924ರಲ್ಲೇ ಒಂದು ಮಾದರಿ ಬೈಲಾ ತಯಾರಿಸಿತ್ತು. ಅದು ಮೊದಲು ಅಲಬಾಮಾಕ್ಕೆ ನೆರವಾಗಲು ಬರೆದದ್ದು. ಅದೇ ಬೆಳೆದು ಈಗ ಗ್ರೇಡ್ 'ಎ' ಪಾಶ್ಚರೀಕೃತ ಹಾಲಿನ ಬೈಲಾ ಎಂಬ ದಪ್ಪ ಪುಸ್ತಕವಾಗಿದೆ. ಇದು ಕೇಂದ್ರದ ಕಾನೂನಲ್ಲ. ರಾಜ್ಯಗಳೂ ಸ್ಥಳೀಯ ಆಡಳಿತಗಳೂ ತಾವಾಗಿ ಅಳವಡಿಸಿಕೊಳ್ಳುವ ಮಾದರಿ. 1950ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಅಂತರರಾಜ್ಯ ಹಾಲು ಸಾಗಣೆಯ ಬಗ್ಗೆ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಯಿತು. ಅಲ್ಲಿಂದ ಬಂದದ್ದು ಪರಸ್ಪರ ಒಪ್ಪುವ ವ್ಯವಸ್ಥೆ. ಒಂದು ಕಡೆ ತಪಾಸಣೆಯಾಗಿ, ಅಂಕ ಪಡೆದು, ಪಟ್ಟಿಯಲ್ಲಿ ಹೆಸರು ಬಂದರೆ ಇನ್ನೊಂದು ಕಡೆಯವರು ಮತ್ತೆ ಹೋಗಿ ನೋಡುವ ಅಗತ್ಯ ಇಲ್ಲ.

ಆದರೆ ಪರಸ್ಪರ ಒಪ್ಪಂದವನ್ನೇ ಬೆದರಿಕೆ ಮಾಡಿಕೊಳ್ಳುವಂತಿಲ್ಲ. ಮಿಸಿಸಿಪ್ಪಿ ರಾಜ್ಯ, ತನ್ನೊಡನೆ ಒಪ್ಪಂದಕ್ಕೆ ಸಹಿ ಹಾಕಿಲ್ಲ ಎಂಬ ಕಾರಣಕ್ಕೆ ಲೂಸಿಯಾನಾದ ಹಾಲನ್ನು ತಡೆದಿತ್ತು. ಹಾಲು ಚೆನ್ನಾಗಿಲ್ಲ ಎಂದಲ್ಲ, ಸಹಿ ಇಲ್ಲ ಎಂದು. 1976ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು.

ಈಗಿನ ಮಾದರಿ ಬೈಲಾದಲ್ಲಿ ಕೆಲಸ ಎಷ್ಟಿದೆ ಎಂದು ನೋಡಿದರೆ ಖರ್ಚು ಎಲ್ಲಿಂದ ಹುಟ್ಟುತ್ತದೆ ಎಂದು ತಿಳಿಯುತ್ತದೆ. ಫಾರಂ ಅನ್ನು ಸಾಮಾನ್ಯವಾಗಿ 6 ತಿಂಗಳಿಗೊಮ್ಮೆಯಾದರೂ ನೋಡಬೇಕು, ಪಾಶ್ಚರೀಕರಣ ಘಟಕವನ್ನು 3 ತಿಂಗಳಿಗೊಮ್ಮೆ. ಮಾದರಿಗಳನ್ನು 6 ತಿಂಗಳಲ್ಲಿ ಕನಿಷ್ಠ 4 ಸಲ ತೆಗೆಯಬೇಕು. ಒಬ್ಬ ರೈತನ ಹಸಿ ಹಾಲಿನಲ್ಲಿ ಮಿಲಿಲೀಟರಿಗೆ 1,00,000 ಬ್ಯಾಕ್ಟೀರಿಯಾ ಮೀರಬಾರದು, ಪಾಶ್ಚರೀಕರಿಸಿದ ಮೇಲೆ 20,000 ಮೀರಬಾರದು. ಕೊನೆಯ 4 ಮಾದರಿಗಳಲ್ಲಿ 2 ಮಿತಿ ಮೀರಿದರೆ ಲಿಖಿತ ಎಚ್ಚರಿಕೆ. ಕೊನೆಯ 5ರಲ್ಲಿ 3 ಮೀರಿದರೆ ಪರ್ಮಿಟ್ ಅಮಾನತು. ಒಂದು ಸಲ ಕೆಟ್ಟ ಫಲಿತಾಂಶ ಬಂದ ಮಾತ್ರಕ್ಕೆ ಯಾರ ಹೊಟ್ಟೆಯ ಮೇಲೂ ಹೊಡೆಯುವುದಿಲ್ಲ, ಹಾಗಂತ ಸುಮ್ಮನೆ ಬಿಡುವುದೂ ಇಲ್ಲ. ಈ ನಿಯಮ ನನಗೆ ಇಷ್ಟ.

ಇಷ್ಟೆಲ್ಲ ಮಾಡಿದ್ದಕ್ಕೆ ಫಲ ಸಿಕ್ಕಿತೇ ಎಂದರೆ, 1938ರಲ್ಲಿ ಅಮೆರಿಕದಲ್ಲಿ ಆಹಾರ ಮತ್ತು ಕೊಳೆ ನೀರಿನಿಂದ ಹರಡಿದ ರೋಗಗಳ ಘಟನೆಗಳಲ್ಲಿ 25% ಹಾಲಿನಿಂದ ಬಂದವು. ಈಗ ಅದು 1%ಗಿಂತ ಕಡಿಮೆ ಎಂದು ಅದೇ ಬೈಲಾದ ಮುನ್ನುಡಿ ಹೇಳುತ್ತದೆ. ಅದರಲ್ಲಿ ದೊಡ್ಡ ಪಾಲು ಪಾಶ್ಚರೀಕರಣ ಮತ್ತು ತಂಪು ವ್ಯವಸ್ಥೆಯದು, ತಪಾಸಣೆ ಒಂದರದೇ ಅಲ್ಲ. ಆದರೆ 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡ್ ನಿಜವಾಗಿಯೂ ಕಾಯಿಸಿದರೇ ಎಂದು ಯಾರಾದರೂ ಹೋಗಿ ಯಂತ್ರದ ದಾಖಲೆ ನೋಡಲೇಬೇಕಲ್ಲ.

ಪ್ರಬಂಧಕ್ಕಾಗಿ ಹಳೆಯ ಬೈಲಾ ಕೈಗೆತ್ತಿಕೊಂಡಾಗ ಶುಲ್ಕದ ಮೊತ್ತವನ್ನೇ ನೋಡುತ್ತಾ ಕೂರಬೇಡಿ. ವಸೂಲಾದ ಹಣ ಎಲ್ಲಿಗೆ ಹೋಗುತ್ತದೆ ಎಂಬ ಸಾಲನ್ನು ಹುಡುಕಿ. ಹಾಲಿನ ತಪಾಸಣೆಗೆಂದೇ ಬೇರೆ ನಿಧಿಯೋ, ನಗರದ ಸಾಮಾನ್ಯ ಖಜಾನೆಯೋ? ಸಾಮಾನ್ಯ ಖಜಾನೆಗೆ ಹೋದ ಮಾತ್ರಕ್ಕೆ ಅದು ತೆರಿಗೆ ಎಂದಾಗುವುದಿಲ್ಲ, ಆದರೆ ಅನುಮಾನಕ್ಕೆ ಅಲ್ಲಿ ಜಾಗ ಇದೆ. ಆಮೇಲೆ ಊರಿನ ಒಳಗಿನ ಡೈರಿಗೂ ಹೊರಗಿನ ಡೈರಿಗೂ ದರ ಬೇರೆ ಇದೆಯೇ ನೋಡಿ. ಬೇರೆ ಇದ್ದರೆ ಆ ವ್ಯತ್ಯಾಸ ಪ್ರಯಾಣದ ಖರ್ಚಿಗೆ ಸರಿಹೊಂದುತ್ತದೆಯೇ? ಆ ವರ್ಷಗಳ ನಗರದ ಬಜೆಟ್ ಸಿಕ್ಕರೆ ಆರೋಗ್ಯ ಇಲಾಖೆಯ ಪುಟದಲ್ಲಿ ಹಾಲಿನ ಇನ್ಸ್‌ಪೆಕ್ಟರ್ ಸಂಬಳ ಎಷ್ಟಿತ್ತು ಎಂದು ತೆಗೆದು, ವಸೂಲಾದ ಶುಲ್ಕದ ಪಕ್ಕದಲ್ಲಿ ಇಟ್ಟು ನೋಡಿ. ಇದು ತೆರಿಗೆಯೇ ಅಲ್ವಾ ಎಂದು ಕೇಳಿದಿರಲ್ಲ, ಆ ಊರಿನ ಮಟ್ಟಿಗೆ ಉತ್ತರ ಸಿಗುವುದು ಅಲ್ಲೇ.